ಬಾಣಂತಿ ಕೋಣೆಯಲ್ಲಿ ಎಸಿಯೂ ಕೆಂಡವೂ

ಕಳೆದ ತಿಂಗಳು ಸವಣೂರಿನಲ್ಲಿ, ಅಕ್ಕನ ಮನೆಯ ಒಂದೇ ಕೋಣೆಯಲ್ಲಿ, ನಾನು ಏಕಕಾಲಕ್ಕೆ ನಡುಗಿದೆ ಮತ್ತು ಬೆವರಿದೆ.

ಗೋಡೆಯ ಮೇಲೆ ಹೊಸ ಎಸಿ ಗುಂಯ್ಯೆನ್ನುತ್ತಿತ್ತು. ಅದರೆದುರು ಹೊರಸು, ಅಂದರೆ ಹಗ್ಗದ ಮಂಚ. ಹೊರಸಿನ ಕೆಳಗೆ ಅಗ್ಗಿಷ್ಟಿಗೆ ತುಂಬ ಕೆಂಡ! ಮೇಲೆ ಅಕ್ಕನ ಮಗಳು ಶ್ವೇತಾ. ತಲೆಗೆ ಸ್ಕಾರ್ಫು, ಕಿವಿಗೆ ಹತ್ತಿ, ಕೈಯಲ್ಲಿ ಎಸಿ ರಿಮೋಟು. ಮಗ್ಗುಲಲ್ಲಿ ಅವಳ ಎಳೆಗೂಸು.

ಹೀಗೂ ಉಂಟೇ?

ಉಂಟು. ಇದು ಮನೆಯೊಳಗಿನ ಒಪ್ಪಂದ. ಬಾಣಂತನಕ್ಕೆ ತವರಿಗೆ ಬಂದ ಶ್ವೇತಾ, ಈ ಬೇಸಿಗೆಯಲ್ಲಿ ಎಸಿ ಇಲ್ಲದೆ ಇರಲಾರೆ ಎಂದಳು. ಅವಳ ಅಜ್ಜಿ, ಅಂದರೆ ಅಕ್ಕನ ಅತ್ತೆ (ಓಣಿಗೆಲ್ಲ ಅವರು ಆಯಿ), ಕೆಂಡದ ಕಾವಿಲ್ಲದೆ ಬಾಣಂತನವೇ ಅಲ್ಲ ಎಂದರು. ಅಜ್ಜಿ-ಮೊಮ್ಮಗಳು ಹಟದಲ್ಲಿ ಒಂದೇ ರಕ್ತ. ನಡುವೆ ಸಿಕ್ಕ ಅಕ್ಕ ಇಬ್ಬರಿಗೂ ಹೂಂ ಅಂದುಬಿಟ್ಟಳು.

ನನಗೆ ನಗು ಬಂತು. ಶ್ವೇತಾ ನಗಲಿಲ್ಲ.

"ಚಿಗವ್ವಾ, ಮೊನ್ನೆಯಿಂದ ತಲಿ ಸಿಡ್ಯಾಕತ್ತೈತಿ. ಎದ್ದು ನಿಂತ್ರ ಕಣ್ಣಿಗೆ ಕತ್ತಲಿ ಬರ್ತೈತಿ. ಕೂಸೂ ಸರಿಯಾಗಿ ಹಾಲು ಕುಡಿವಲ್ದು."

"ಆ ಮಿಷಿನ್ ಗಾಳಿ ಬಡದು ಶೀತ ಆಗೈತಿ," ಎಂದರು ಆಯಿ.

"ಈ ಕೆಂಡದ ಕಾವಿಗೆ ಉಷ್ಣ ಆಗೈತಿ," ಎಂದಳು ಶ್ವೇತಾ.

ಶೀತ ಎಂದವರು ಇನ್ನೊಂದಿಷ್ಟು ಕೆಂಡ ತಂದು, ಮೇಲೆ ಲೋಬಾನ ಉದುರಿಸಿದರು. ಉಷ್ಣ ಎಂದವಳು ರಿಮೋಟು ಒತ್ತಿ ತಂಪು ಏರಿಸಿದಳು. ಒಂದು ವಿಷಯದಲ್ಲಿ ಮಾತ್ರ ಇಬ್ಬರಿಗೂ ಒಮ್ಮತ. ಬಾಗಿಲು ತೆಗೆಯಬಾರದು! ಒಬ್ಬರ ಕಾವು ಹೋಗಬಾರದು, ಇನ್ನೊಬ್ಬರ ತಂಪು ಹೋಗಬಾರದು. ಬಾಗಿಲ ಕೆಳಗಿನ ಸಂದಿಗೆ ಹಳೇ ಸೀರೆ ತುರುಕಿದ್ದರು.

ಹಾನಗಲ್ಲಿನಿಂದ ಬಸ್ಸಿನಲ್ಲಿ ಬಂದ ದಣಿವು, ಕೂಸಿನ ಮೇಲಿನ ಆಸೆ. ನಾನು ಅಲ್ಲೇ ಕೂತು ಹರಟಿದೆ. ಸ್ವಲ್ಪ ಹೊತ್ತಿಗೆ ನನ್ನ ಹಣೆಯೂ ಬಿಗಿಯಿತು. ಚಹಾಕ್ಕೆಂದು ಪಡಸಾಲೆಗೆ ಬಂದೆ, ಸಡಿಲಾಯಿತು. ಚಹಾದ ಮಹಿಮೆ ಎಂದುಕೊಂಡೆ. ಮತ್ತೆ ಒಳಗೆ ಹೋದೆ. ಮತ್ತೆ ಬಿಗಿಯಿತು.

ನನ್ನ ಸ್ವಭಾವ ನಿಮಗೆ ಗೊತ್ತಲ್ಲ, ಎಲ್ಲದಕ್ಕೂ ಮೂಗು ತೂರಿಸುವ ಚಟ. ಇದೆಂಥ ತಲೆನೋವು, ಹೊಸ್ತಿಲು ದಾಟಿದರೆ ಬಿಟ್ಟುಹೋಗುವಂಥದು? ಬಾಣಂತಿಗೆ ಶೀತ ಎನ್ನಿ, ಉಷ್ಣ ಎನ್ನಿ. ಕೂಸು ನೋಡಲು ಬಂದ ನನಗೇಕೆ ಬರಬೇಕು? ಅಕ್ಕನನ್ನು ಕೇಳಿದೆ. "ನಿನ್ನ ಚಷ್ಮಾದ ನಂಬರ್ ಬದಲಾಗಿರಬೇಕು ತಗೋ," ಎಂದಳು.

ಅಷ್ಟರಲ್ಲಿ ಶಿಗ್ಗಾಂವಿಯಿಂದ ಇಮ್ತಿಯಾಜ್ ಬಂದ. ಎಸಿ ಕೂಡಿಸಿದವನು ಅವನೇ. ತಂಪು ಕಡಿಮೆಯಾಗಿದೆ ಎಂದು ಅಕ್ಕ ಫೋನ್ ಮಾಡಿದ್ದಳು. ಗಂಡಸು ಒಳಗೆ ಬರುವನೆಂದು ಶ್ವೇತಾ ಕೂಸಿನೊಂದಿಗೆ ಪಡಸಾಲೆಗೆ ಬಂದಳು. ಅವನು ಏಣಿ ಹತ್ತಿ ಎಸಿಯೊಳಗಿನ ಗಾಳಿ ಸೋಸುವ ಜಾಲರಿ ಹೊರಗೆಳೆದ. ಕಂದು ಬಣ್ಣದ ಜಿಗುಟು. ಘಮ್ಮೆಂದು ಲೋಬಾನದ ವಾಸನೆ.

"ಇದೇನ್ರೀ ಅಕ್ಕಾರ, ನಿಮ್ಮ ಎಸಿ ಬೀಡಿ ಸೇದಾಕ ಕಲ್ತೈತೇನು?"

ಎಲ್ಲರೂ ನಕ್ಕೆವು. ನಾನು ಕೇಳಿದೆ. "ಅದು ಹೊರಗಿನ ಗಾಳಿ ತಂದು ತಂಪ ಮಾಡಿ ಬಿಡತೈತಲ್ಲ? ಒಳಗಿನ ಹೊಗಿ ಅದಕ್ಕ ಹೆಂಗ ಹತ್ತಿತು?"

"ಇಲ್ರೀ. ಹೊರಗಿನ ಪೆಟ್ಟಿಗಿ ಕಾವು ಅಷ್ಟ ಒಯ್ದು ಚೆಲ್ಲತೈತಿ. ಗಾಳಿ ಒಳಗಿಂದ ಒಳಗ ತಿರಗತೈತಿ."

ನೀವೂ ನನ್ನಂತೆಯೇ ತಿಳಿದಿದ್ದಿರಾ? ನಿಜ ಹೇಳಿ. ಹೊರಗೊಂದು ಪೆಟ್ಟಿಗೆ, ಒಳಗೊಂದು ಪೆಟ್ಟಿಗೆ, ನಡುವೆ ಕೊಳವೆ. ಕೊಳವೆಯಲ್ಲಿ ತಾಜಾ ಗಾಳಿಯೇ ಬರುತ್ತದೆ ಎಂದು ಇಷ್ಟು ವರ್ಷ ನಂಬಿದ್ದೆ.

"ಹಂಗಾರ ಈ ಕೆಂಡದ ಗಾಳಿ ಎಲ್ಲಿಗೆ ಹೋಗತೈತಿ?"

"ಕೆಂಡಕ್ಕೆಲ್ಲಿ ಹೊಗಿ?" ಎಂದರು ಆಯಿ. "ಹೊಗಿ ಎಲ್ಲಾ ಹೋದ ಮ್ಯಾಲೇ ಒಳಗ ತರ್ತೇನಿ ನಾ."

"ಏನಿದ್ರೂ ಮ್ಯಾಲಿನ ಗಾಳಿಕಿಂಡ್ಯಾಗಿಂದ ಹೋಗತೈತ್ರೀ..." ಎನ್ನುತ್ತ ಇಮ್ತಿಯಾಜ್ ಬೆರಳು ತೋರಿಸಿದ. ಬೆರಳು ಅಲ್ಲೇ ನಿಂತಿತು.

ಕಿಂಡಿಗೆ ಥರ್ಮಾಕೋಲ್ ಕೂಡಿಸಿದ್ದರು. ಸುತ್ತ ಬಿಳಿ ಸಿಲಿಕಾನ್ ಅಂಟು, ಎಳ್ಳಷ್ಟೂ ಸಂದಿಲ್ಲ. ಬಹಳ ಚೊಕ್ಕ ಕೆಲಸ. ಅವನದೇ.

"ತಂಪು ಲೀಕ್ ಆಗಬಾರದಂತ ನಾನ ಮುಚ್ಚೇನ್ರೀ," ಎಂದ ಮೆಲ್ಲಗೆ. "ಕೆಂಡ ಇಡ್ತೀರಂತ ನೀವು ಹೇಳಲಿಲ್ಲ."

"ನೀ ಕೇಳಲಿಲ್ಲಲ್ಲೋ ತಮ್ಮಾ," ಎಂದಳು ಅಕ್ಕ.

ಆಗ ಪಡಸಾಲೆಯಿಂದ ಶ್ವೇತಾ ಕೂಗಿದಳು. "ಅವ್ವಾ, ಕೂಸು ಎಬ್ಬಿಸಿದ್ರ ಏಳವಲ್ದು!"

ಓಡಿದೆವು. ಕೂಸಿನ ಕೈ ಎತ್ತಿದರೆ ಹಾಗೇ ಜೋತುಬೀಳುತ್ತಿತ್ತು. ಇಮ್ತಿಯಾಜ್ ತನ್ನ ವ್ಯಾನಿನಲ್ಲಿದ್ದ ಸಾಮಾನೆಲ್ಲ ಕಟ್ಟೆಯ ಮೇಲೆ ಎಸೆದು, ನಮ್ಮನ್ನು ತುಂಬಿಕೊಂಡು ಆಸ್ಪತ್ರೆಗೆ ಗಾಡಿ ಓಡಿಸಿದ. ದಾರಿಯುದ್ದಕ್ಕೂ ಅವನು ಬಾಯಲ್ಲೇ ಏನೋ ಪ್ರಾರ್ಥಿಸುತ್ತಿದ್ದ, ಆಯಿ ಪಂಚಾಕ್ಷರಿ ಜಪಿಸುತ್ತಿದ್ದರು.

ಡಾಕ್ಟರು ಕೋಣೆ, ಕೆಂಡ, ಎಸಿ ಎಲ್ಲ ಕೇಳಿಕೊಂಡವರೇ ತಾಯಿ-ಮಗು ಇಬ್ಬರಿಗೂ ಆಕ್ಸಿಜನ್ ಹಾಕಿಸಿದರು. ಮುಚ್ಚಿದ ಕೋಣೆಯಲ್ಲಿ ಇದ್ದಿಲು ಉರಿದರೆ ಕಾರ್ಬನ್ ಮೋನಾಕ್ಸೈಡ್ ಎಂಬ ವಿಷದ ಗಾಳಿ ತುಂಬುತ್ತದಂತೆ. ಬಣ್ಣವಿಲ್ಲ, ವಾಸನೆಯಿಲ್ಲ. ಕಣ್ಣು ಉರಿಯುವುದಿಲ್ಲ, ಕೆಮ್ಮು ಬರುವುದಿಲ್ಲ. ತಲೆ ನೋಯುತ್ತದೆ, ನಿದ್ದೆ ಬಂದಂತಾಗುತ್ತದೆ. ಎಳೆಗೂಸು ಸದಾ ಮಲಗಿಯೇ ಇರುತ್ತದಲ್ಲ, ಯಾರಿಗೆ ಅನುಮಾನ ಬರಬೇಕು?

ಬಹಳ ಹೊತ್ತಿನ ಮೇಲೆ ಕೂಸು ಕಿಟಾರನೆ ಕಿರುಚಿ ಅತ್ತಿತು. ಅಕ್ಕ ಅತ್ತಳು, ನಾನು ಅತ್ತೆ. ಇಮ್ತಿಯಾಜ್ ಹೊರಗೆ ಹೋಗಿ ಮುಖ ತೊಳೆದುಕೊಂಡು ಬಂದ.

ಅಪಾಯ ಕಳೆದು ಮನೆಗೆ ಬಂದ ಮೇಲೆ ಆಯಿ ನನ್ನನ್ನೇ ಕೇಳಿದರು. "ಈ ಶ್ವೇತಾನ ಅಪ್ಪ ಹುಟ್ಟಿದಾಗ ನಮ್ಮತ್ತಿ ನನಗ ಇದ ಕೆಂಡ ಇಟ್ಟಿದ್ಲು. ಆವಾಗ ಯಾಕ ಏನೂ ಆಗಲಿಲ್ಲ?"

ಸುಳ್ಳು ಸಮಾಧಾನ ಹೇಳುವ ಮನಸ್ಸಾಗಲಿಲ್ಲ. "ಆ ಖೋಲಿ ಹೆಂಗಿತ್ರಿ ಆಯಿ?" ಎಂದೆ.

"ಹಂಚಿನ ಮನಿ. ಬಾಗಲಾ ಹಾಕಿದ್ರೂ ಬೆಕ್ಕು ನುಸುಳಿ ಬರ್ತಿತ್ತು. ಹಂಚಿನ ಸಂದ್ಯಾಗ ಗುಬ್ಬಿ ಗೂಡು..." ಎಂದವರು ನಿಲ್ಲಿಸಿದರು. "ಗುಬ್ಬಿ ಬರ್ತಿತ್ತಂದ್ರ ಗಾಳಿನೂ ಬರ್ತಿತ್ತಲ್ಲ."

ನೋಡಿ, ಎಂಥ ಮಾತು! ನಾವು ಮನೆ ಬದಲಿಸಿದೆವು. ಹಂಚು ಹೋಗಿ ಸ್ಲ್ಯಾಬು ಬಂತು, ಕಟ್ಟಿಗೆ ಕಿಟಕಿ ಹೋಗಿ ಜಾರುವ ಗಾಜು ಬಂತು, ಎಸಿ ಬಂದು ಉಳಿದ ಸಂದಿಯನ್ನೂ ಮುಚ್ಚಿಸಿತು. ಒಳಗೆ ಉರಿಸುವುದು ಮಾತ್ರ ಹಾಗೇ ಉಳಿಯಿತು. ಆಯಿಯದು ತಪ್ಪೇ? ಪ್ರೀತಿಯಿಂದಲೇ ಇಟ್ಟ ಕೆಂಡ. ಇಮ್ತಿಯಾಜನದು ತಪ್ಪೇ? ತಂಪು ಹೋಗದಂತೆ ಮುಚ್ಚುವುದನ್ನೇ ಒಳ್ಳೆಯ ಕೆಲಸ ಎಂದು ಕಲಿತಿದ್ದ.

ಆದರೆ ಅವನು ಅಷ್ಟಕ್ಕೇ ಕೈತೊಳೆದುಕೊಳ್ಳಲಿಲ್ಲ. ತಾನು ಕಿಂಡಿ ಮುಚ್ಚಿದ ಮನೆಗಳನ್ನೆಲ್ಲ ಹುಡುಕಿಕೊಂಡು ಹೊರಟ. ನನಗೂ ಆಗಾಗ ಫೋನ್ ಮಾಡಿ ವರದಿ ಒಪ್ಪಿಸುತ್ತಾನೆ. ಹಿರೇಕೆರೂರಿನ ಒಂದು ಮನೆಯಲ್ಲಿ ಎಸಿ ಹಾಕಿಕೊಂಡು ಮಂಚದ ಕೆಳಗೆ ಸೊಳ್ಳೆ ಬತ್ತಿ ಉರಿಸುತ್ತಿದ್ದರಂತೆ. ನಮ್ಮ ಹಾನಗಲ್ಲಿನಲ್ಲೇ ಇನ್ನೊಂದು ಕಡೆ, ಮಲಗುವ ಕೋಣೆಗೆ ಅಂಟಿದ ಕಿಟಕಿಯಿಲ್ಲದ ಬಚ್ಚಲಿನಲ್ಲಿ ಗ್ಯಾಸ್ ಗೀಸರ್; ಅದರ ಉರಿಯಿಂದಲೂ ಅದೇ ವಿಷದ ಗಾಳಿ. (ಓದುತ್ತಿರುವವರು ದಯವಿಟ್ಟು ಒಮ್ಮೆ ಎದ್ದು ಹೋಗಿ ನಿಮ್ಮ ಬಚ್ಚಲು ನೋಡಿ ಬನ್ನಿ. ನಾನು ಕಾಯುತ್ತೇನೆ.)

ಈಗ ಹೊಸ ಗಿರಾಕಿಯ ಮನೆಗೆ ಹೋದರೆ ಅವನು ಮೊದಲು ಅಳತೆಯ ಟೇಪ್ ಹಿಡಿಯುವುದಿಲ್ಲ. "ಈ ಖೋಲ್ಯಾಗ ಏನೇನು ಸುಡ್ತೀರಿ? ಎಷ್ಟ ಮಂದಿ ಮಲಗ್ತೀರಿ? ಹೊರಗಿನ ಗಾಳಿ ಎಲ್ಲಿಂದ ಬರ್ತೈತಿ?" ಎಂದು ಕೇಳುತ್ತಾನೆ. ದುಂಡಸಿಯಲ್ಲಿ ಒಬ್ಬರು ರೇಗಿದರಂತೆ. "ನೀ ಎಸಿ ಕೂಡಸಾಕ ಬಂದೀಯೋ, ಪಂಚನಾಮಾ ಮಾಡಾಕ ಬಂದೀಯೋ?" ಆದರೂ ಕೇಳುವುದು ಬಿಟ್ಟಿಲ್ಲ. ತಂಪು ಮಾಡುವ, ಬಿಸಿ ಮಾಡುವ ಕಸುಬಿನ ಅಣ್ಣತಮ್ಮಂದಿರೇ, ನೀವೂ ಕೇಳಿ. ಬೈದರೆ ಬೈಸಿಕೊಳ್ಳಿ.

ಅಕ್ಕನ ಮನೆಯ ಕಿಂಡಿಯಲ್ಲೀಗ ಎಕ್ಸಾಸ್ಟ್ ಫ್ಯಾನ್ ತಿರುಗುತ್ತದೆ. ಕೆಂಡ ಹಿತ್ತಲಿಗೆ ಹೋಗಿದೆ. ಆಯಿ ಅಲ್ಲೇ ಕೂತು ಬಟ್ಟೆ ಕಾಸಿ, ಒಳಗೆ ತಂದು ಮೊಮ್ಮಗಳ ಸೊಂಟಕ್ಕೆ ಶಾಖ ಕೊಡುತ್ತಾರೆ. ಎಸಿ ಹಾಕಿದ್ದರೂ ಬಾಗಿಲು ಒಂದು ಗೇಣು ತೆರೆದೇ ಇರಬೇಕೆಂದು ಕಟ್ಟಪ್ಪಣೆ. ಮೊನ್ನೆ ಕೂಸು ನೋಡಲು ಬಂದ ನೆರೆಮನೆಯಾಕೆ ತಡೆಯಲಾರದೆ ಹೇಳಿದಳು. "ಆಯೀ, ಬಾಗಲಾ ಹಾಕ್ರೀ, ತಂಪೆಲ್ಲಾ ಹೊರಗ ಹೊಂಟೈತಿ."

ಆಯಿ ಎದ್ದುಹೋಗಿ ಬಾಗಿಲು ಇನ್ನಷ್ಟು ತೆರೆದರು. "ಹೋಗಲಿ ಬಿಡವಾ, ತಂಪು ಹೋದ್ರ ಮತ್ತ ಮಾಡ್ಕೋಬಹುದು. ಕೂಸಿನ ಉಸಿರು ಹೋದ್ರ ಯಾವ ಅಂಗಡ್ಯಾಗ ತರ್ಲಿ?"