ಪ್ರೇಮಕಥೆ ಹೇಳುತ್ತಿದ್ದ ಗಿರಿಜಕ್ಕ

"ಕಿರಣ್, ನನ್ನ ಕೈ ಬಿಡು. ಇವತ್ತಿನಿಂದ ನಾನು ನಿನ್ನ ತಂಗಿ. ಅಲ್ಪವಿರಾಮ. ಅಯ್ಯೋ, ಅಲ್ಲ ಅಲ್ಲ, ಪೂರ್ಣವಿರಾಮ!"

ನೊಣವಿನಕೆರೆ ಹತ್ತಿರದ ಹಳ್ಳಿಯಲ್ಲಿ ಬಾಡಿಗೆ ಮನೆ ಹಿಡಿದ ಮೊದಲ ಬೆಳಿಗ್ಗೆಯೇ ಪಕ್ಕದ ತೋಟದಿಂದ ಈ ಮಾತು ಕೇಳಿಸಿತು. ಬೇಲಿಯ ಮೇಲಿಂದ ಇಣುಕಿದೆ. ಐವತ್ತು ದಾಟಿದ ಹೆಂಗಸೊಬ್ಬರು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಬಿದ್ದ ತೆಂಗಿನ ಗರಿಗಳನ್ನು ಎಳೆದು ರಾಶಿ ಹಾಕುತ್ತಾ, ಕೊರಳಿಗೆ ನೇತುಹಾಕಿಕೊಂಡ ಮೊಬೈಲಿನ ಜೊತೆ ಮಾತಾಡುತ್ತಿದ್ದರು. ನನ್ನನ್ನು ಕಂಡು ಒಂದಿಷ್ಟೂ ನಾಚಲಿಲ್ಲ.

"ಹೊಸ ಮೇಡಂ ಅಲ್ವಾ? ಕನ್ನಡ ಹೇಳ್ಕೊಡೋರಂತೆ? ಒಳ್ಳೇದಾಯ್ತು ಬುಡಿ. ಈ ಫೋನಿಗೆ ಕಾಗುಣಿತ ಬರಲ್ಲ, ನೀವು ತಿದ್ದಿಕೊಡಿ."

ಗಿರಿಜಕ್ಕ ನನಗೆ ಪರಿಚಯವಾದದ್ದು ಹೀಗೆ. ಓದುವ ಆ್ಯಪ್ ಒಂದರಲ್ಲಿ ಅವರು ಕಾಲೇಜು ಹುಡುಗ ಹುಡುಗಿಯರ ಪ್ರೇಮ ಕಾದಂಬರಿಗಳನ್ನು ಕಂತು ಕಂತಾಗಿ ಹಾಕುತ್ತಿದ್ದರು. ಬರೆಯಲು ಕೂರುವಷ್ಟು ಪುರುಸೊತ್ತು ಎಲ್ಲಿ? ಕೆಲಸ ಮಾಡುತ್ತಲೇ ಹೇಳುವುದು, ಫೋನು ಕೇಳಿಸಿಕೊಂಡು ಅಕ್ಷರ ಮಾಡುವುದು. "ನನ್ನ ನಲ್ಲ ಬಂದ" ಎಂದು ಅವರು ಹೇಳಿದ್ದನ್ನು ಫೋನು "ನನ್ನ ನಲ್ಲಿ ಬಂತು" ಎಂದು ಬರೆದಿತ್ತು. ತಿದ್ದಿಕೊಡಲು ಕೂತ ನಾನು ನಕ್ಕು ನಕ್ಕು ಸುಸ್ತಾದೆ. ಅವರ ಷರತ್ತು ಒಂದೇ: "ಕಾಗುಣಿತ ತಿದ್ದಿ ಮೇಡಂ, ಕಥೆ ಮುಟ್ಟಬ್ಯಾಡಿ."

ಆಗ ನಡೆಯುತ್ತಿದ್ದದ್ದು ಕಿರಣ್ ಮತ್ತು ನಯನಾಳ ಕಥೆ. ಒಂದೇ ಕಾಲೇಜಿನ ಇಬ್ಬರೂ ಪ್ರೀತಿಸುತ್ತಾರೆ. ಮನೆಯಲ್ಲಿ ಹೇಳುವ ಮೊದಲೇ ಕಿರಣನ ಅಪ್ಪ ನಯನಾಳ ಅಮ್ಮನನ್ನು ಮದುವೆಯಾಗಿಬಿಡುತ್ತಾನೆ. ಅವನಿಗೆ ಹೆಂಡತಿ ಇಲ್ಲ, ಅವಳಿಗೆ ಗಂಡನಿಲ್ಲ, ಅವರದೇನೂ ತಪ್ಪಲ್ಲ. ಆದರೆ ಪ್ರೇಮಿಗಳಿಬ್ಬರೂ ಒಂದೇ ಸೂರಿನಡಿ ಅಣ್ಣ ತಂಗಿಯಾಗಬೇಕಾಗುತ್ತದೆ.

"ಹುಡುಗ್ರು ಪ್ರೀತಿ ಮಾಡಿದ್ರೆ ದೊಡ್ಡೋರು ಬಯ್ತಾರೆ, ಸರಿ. ದೊಡ್ಡೋರೇ ಮದ್ವೆ ಆಗೋದ್ರೆ ಹುಡುಗ್ರ ಪ್ರೀತಿ ಎಲ್ಲಿಗೋಗಬೇಕು ಹೇಳಿ?" ಎನ್ನುತ್ತಿದ್ದರು ಗಿರಿಜಕ್ಕ. ಅವರ ಗಂಡ ಶಿವಣ್ಣ ಇದಕ್ಕೆಲ್ಲ ಬಾಯಿ ಹಾಕುತ್ತಿರಲಿಲ್ಲ. ಅಟ್ಟದ ಮೇಲೆ ಒಣಗುವ ಕಾಯಿಗಳಷ್ಟೇ ಮೌನಿ.

ತಿಪಟೂರಿನ ನಮ್ಮ ಕಾಲೇಜಿನಲ್ಲಿ ಒಮ್ಮೆ ಪಾಠದ ನಡುವೆ ಕೊನೆಯ ಬೆಂಚಿನ ಹುಡುಗಿಯಿಂದ ಮೊಬೈಲ್ ಕಿತ್ತುಕೊಂಡೆ. ತೆರೆದು ನೋಡಿದರೆ ನಾನೇ ತಿದ್ದಿದ ಕಂತು! "ಮಿಸ್, ನಯನಾ ಏನು ಮಾಡ್ತಾಳೆ ಮಿಸ್?" ಎಂದು ಕಣ್ಣಲ್ಲಿ ನೀರಿಟ್ಟುಕೊಂಡೇ ಕೇಳಿದಳು ಅವಳು. ನನಗೂ ಗೊತ್ತಿರಲಿಲ್ಲ.

ಒಂದು ಭಾನುವಾರ ಮಾಯಸಂದ್ರದಿಂದ ಶಿವಣ್ಣನ ತಂಗಿ ರಾಜಮ್ಮ ಬಂದರು. ಗಂಡನನ್ನು ಕಳೆದುಕೊಂಡು ಒಬ್ಬಳೇ ಮಗಳು ಮೇಘನಾಳನ್ನು ಸಾಕಿದವರು. ಮಗಳಿಗೆ ಒಳ್ಳೆಯ ಸಂಬಂಧ ಕೂಡಿಬಂದಿತ್ತು. ನಾನು ಕಂತು ತಿದ್ದುತ್ತಾ ಜಗುಲಿಯಲ್ಲೇ ಕೂತಿದ್ದೆ. ರಾಜಮ್ಮ ನನ್ನನ್ನು ಲೆಕ್ಕಕ್ಕೇ ಇಡಲಿಲ್ಲ.

"ಅತ್ತಿಗೆ, ಆ ಕಥೆ ನಿಲ್ಸು. ಇಲ್ಲಾ ಆ ಹುಡುಗೀನ ಬೇರೆ ಕಡೆ ಕೊಟ್ಟು ಮುಗ್ಸು. ನಮ್ಮಪ್ಪ ನಿಮ್ಮವ್ವನ್ನ ಮದ್ವೆ ಆದ, ನೀನು ನಮ್ಮಣ್ಣನ್ನ ಮದ್ವೆ ಆದೆ. ಜನ ಆಡಿ ಆಡಿ ಈಗ ಮರ್ತವ್ರೆ. ನೀನೇ ಯಾಕೆ ನೆನಪು ಮಾಡ್ಕೊಡ್ತೀಯ? ಗಂಡಿನ ಕಡೆಯೋರಿಗೆ ಗೊತ್ತಾದ್ರೆ ನನ್ನ ಮಗಳ ಗತಿ?"

ನಾನು ತಿದ್ದುವುದನ್ನು ಬಿಟ್ಟು ತಲೆ ಎತ್ತಿದೆ. ಗಿರಿಜಕ್ಕ ನನ್ನ ಕಡೆ ತಿರುಗಿ, ಅಡುಗೆ ವಿಷಯ ಹೇಳುವಷ್ಟು ಸಲೀಸಾಗಿ ಹೇಳಿದರು: "ಹೂಂ ಮೇಡಂ, ನಮ್ದೇ ಕಥೆ. ತುರುವೇಕೆರೆ ಬಸ್ಸಲ್ಲಿ ಶುರುವಾಗಿದ್ದು. ಆಮ್ಯಾಕೆ ನಮ್ಮವ್ವ ಇವರಪ್ಪನ್ನ ಮದ್ವೆ ಆದ್ಲು. ನಾವೂ ಮದ್ವೆ ಆಗ್ತೀವಿ ಅಂದಿದ್ದಕ್ಕೆ ಊರೋರು ಮನೆಗೆ ನೀರೂ ಕೊಡಲ್ಲ ಅಂದ್ರು. ಕೊನೆಗೆ ನಮ್ಮವ್ವನೇ ಎದೆಕೊಟ್ಟು ನಿಂತು ಸಂಪಿಗೆ ಊರಿನ ಗುಡೀಲಿ ತಾಳಿ ಕಟ್ಸಿದ್ಲು."

ರಾಜಮ್ಮ ಅಳತೊಡಗಿದರು. ಗಿರಿಜಕ್ಕ ಗಂಡನನ್ನು ನೋಡಿದರು. ಶಿವಣ್ಣ ಕಾಯಿ ಸುಲಿಯುವುದನ್ನು ನಿಲ್ಲಿಸಿ, ಬೆವರು ಒರೆಸಿಕೊಂಡು ಅಂದರು: "ಕಥೇಲಿರೋ ಆ ಹುಡುಗೀನ ಬೇರೆಯೋರಿಗೆ ಕೊಟ್ರೆ ನಾನಂತೂ ಒಪ್ಪಲ್ಲ."

ಗಂಡಿನ ಕಡೆಯವರು ಮಾತುಕತೆಗೆ ಬರುವ ದಿನ ಗಿರಿಜಕ್ಕ ಶಿವಣ್ಣನ ಜೊತೆ ನನ್ನನ್ನೂ ಮಾಯಸಂದ್ರಕ್ಕೆ ಹೊರಡಿಸಿದರು. ಬಸ್ಸಿನಲ್ಲಿ ಕೊರಳಿನ ಫೋನನ್ನು ಒಮ್ಮೆಯೂ ಮುಟ್ಟಲಿಲ್ಲ. ಅವರು ಹೆದರಿದ್ದನ್ನು ನಾನು ಕಂಡದ್ದು ಅವತ್ತು ಮಾತ್ರ. ಕಾಫಿ ಕೊಟ್ಟಾದ ಮೇಲೆ, ರಾಜಮ್ಮ ಕಣ್ಸನ್ನೆ ಮಾಡುತ್ತಿದ್ದರೂ ಲೆಕ್ಕಿಸದೆ, ಎದ್ದು ನಿಂತರು.

"ಆಮೇಲೆ ಬೇರೆ ಯಾರೋ ಹೇಳೋದು ಬ್ಯಾಡ, ನಾನೇ ಹೇಳ್ಬುಡ್ತೀನಿ. ನಾನೂ ನಮ್ಮನೆಯೋರೂ ಒಂದು ಲೆಕ್ಕಕ್ಕೆ ಅಣ್ಣ ತಂಗಿ ಆಗಬೇಕಾಗಿತ್ತು. ಅವರಪ್ಪ ನಮ್ಮವ್ವನ್ನ ಮದ್ವೆ ಆಗಿದ್ರು. ನಾವು ಅದಕ್ಕೂ ಮುಂಚಿಂದ ಇಷ್ಟಪಟ್ಟಿದ್ವಿ, ಹಂಗಾಗಿ ಮದ್ವೆ ಆದ್ವಿ. ಯಾರಿಗೂ ಮೋಸ ಮಾಡಿಲ್ಲ. ಅದನ್ನೇ ಈಗ ಕಥೆ ಮಾಡಿ ಫೋನಲ್ಲಿ ಹಾಕ್ತಾ ಇದೀನಿ. ಇದ್ರಲ್ಲಿ ನಮ್ಮ ಮೇಘನಾದು ಏನೂ ತಪ್ಪಿಲ್ಲ."

ಹುಡುಗನ ತಾಯಿ ಕಾಫಿ ಲೋಟ ಕೆಳಗಿಟ್ಟರು.

"ಕಿರಣ್, ನಯನಾ... ಆ ಕಥೆನಾ?"

"ಹೂಂ ಕಣ್ರೀ."

"ಅಯ್ಯೋ ನಮ್ಮವ್ವ! ನೀವೇನಾ ಅದು? ನಯನಾ ಮನೆ ಬಿಟ್ಟು ಬಸ್ ಹತ್ತೋ ಹೊತ್ಗೆ ನಿಲ್ಸಿದ್ದೀರಲ್ರೀ! ಮೊನ್ನೆಯಿಂದ ನಂಗೆ ನಿದ್ದೆ ಇಲ್ಲ!" ಎಂದವರೇ ಶಿವಣ್ಣನ ಬೋಳುತಲೆ, ಹಣೆಯ ವಿಭೂತಿ, ಮಂಡಿಯ ಮೇಲಿದ್ದ ಟವಲ್ಲು ಎಲ್ಲವನ್ನೂ ದಿಟ್ಟಿಸಿದರು. "ಹಂಗಾದ್ರೆ ಕಿರಣ್ ಅಂದ್ರೆ... ಇವ್ರಾ?"

ಶಿವಣ್ಣ ಟವಲ್ಲಿನಲ್ಲಿ ಮುಖ ಮುಚ್ಚಿಕೊಂಡರು. ಮೊದಲು ನಕ್ಕವಳು ಮೇಘನಾ, ಆಮೇಲೆ ಮನೆಗೆ ಮನೆಯೇ. ರಾಜಮ್ಮ ಅಳುತ್ತಲೇ ನಗುತ್ತಿದ್ದರು. ಮದುವೆ ಅಲ್ಲೇ ಗಟ್ಟಿಯಾಯಿತು.

ಆ ವಾರವೇ ಗಿರಿಜಕ್ಕ ಕಿರಣ್ ನಯನಾರ ಮದುವೆಯನ್ನೂ ಮಾಡಿಸಿ ಕಾದಂಬರಿ ಮುಗಿಸಿದರು. ನಮ್ಮ ಕಾಲೇಜಿನ ಹುಡುಗಿಯರು ಕಾರಿಡಾರಿನಲ್ಲಿ ಒಬ್ಬರನ್ನೊಬ್ಬರು ತಬ್ಬಿಕೊಂಡು ಕುಣಿದರು.

ಹೋದ ಮಾಘದಲ್ಲಿ ಗಿರಿಜಕ್ಕ ತೀರಿಕೊಂಡರು, ಎರಡೇ ದಿನದ ಜ್ವರಕ್ಕೆ. ಆ ಹೊತ್ತಿಗೆ ನನಗೆ ಬೇರೆ ಊರಿಗೆ ವರ್ಗವಾಗಿತ್ತು, ಮುಖ ನೋಡಲು ಆಗಲಿಲ್ಲ. ನಾನು ಅವರನ್ನು ಕೊನೆಯ ಸಲ ಕಂಡದ್ದು ಮೇಘನಾಳ ಮದುವೆಯಲ್ಲಿ. ಧಾರೆಯ ಹೊತ್ತಿಗೆ ಪುರೋಹಿತರು ಹುಡುಗಿಯ ಕಡೆಯಿಂದ ದಂಪತಿ ಬರಲಿ ಎಂದು ಕರೆದರು. ನೆಂಟರಲ್ಲಿ ಗುಸುಗುಸು ಎದ್ದಿತು; ಹಿಂದಿನ ಸಾಲಿನ ಮುದುಕರೊಬ್ಬರು ಬೇರೆ ಯಾರದೋ ಹೆಸರು ಹೇಳಿದರು. ರಾಜಮ್ಮ ಮಂಟಪದ ಮುಂದೆ ಬಂದು ನಿಂತರು.

"ಯಾರೂ ಬ್ಯಾಡ. ನಮ್ಮಣ್ಣ, ನಮ್ಮತ್ತಿಗೆ. ಇವ್ರೇ ಧಾರೆ ಎರೀಬೇಕು," ಎಂದು ಇಡೀ ಛತ್ರಕ್ಕೆ ಕೇಳುವಂತೆ ಹೇಳಿದರು.

ಗಿರಿಜಕ್ಕ ರೇಷ್ಮೆ ಸೀರೆಯ ನೆರಿಗೆ ಹಿಡಿದುಕೊಂಡು, ಆ ಜನರ ನಡುವೆಯೇ, ಯಾರಿಗೂ ತಲೆ ತಗ್ಗಿಸದೆ ಮಂಟಪ ಹತ್ತಿದರು. ಶಿವಣ್ಣ ಅವರ ಹಿಂದೆ ಹೋದರು.