ಹುಣಸೂರಿನಲ್ಲಿ ಜೀಪಿಗೆ ಡ್ರಾಯರು ಮಾಡಿಸಿದ್ದು

ಮೈಸೂರು ಬಿಟ್ಟಾಗ ಬೆಳಗಿನ ಆರೂವರೆ. ನಮ್ಮ ಕಣ್ಣಿನ ಆಸ್ಪತ್ರೆಗೆ ದಾನಿಯೊಬ್ಬರು ಕೊಡಿಸಿದ ಹೊಸ ಜೀಪು ಅದು. ಡ್ರೈವರ್ ಬಷೀರ್ ಅದನ್ನು ಮದುವಣಿಗನಂತೆ ಸಿಂಗರಿಸಿದ್ದ. ಮುಂದೆ ಎರಡು ಮಂಜಿನ ದೀಪ, ಪಕ್ಕದಲ್ಲಿ ನೀರಿನ ಕ್ಯಾನು ಕಟ್ಟಲು ಕಬ್ಬಿಣದ ಪಟ್ಟಿ, ಹಿಂದೆ ದಪ್ಪ ಕ್ಯಾನ್ವಾಸ್ ಪರದೆ. ಒಳಗೆ ಪೇಟೆಯಿಂದ ತಂದು ಕೂರಿಸಿದ ಮೂರು ಡ್ರಾಯರಿನ ಉಕ್ಕಿನ ಪೆಟ್ಟಿಗೆ, ಅದರಲ್ಲಿ ನಲವತ್ತು ಜೋಡಿ ಕನ್ನಡಕ. ಹಿಂದಿನ ತಿಂಗಳು ನಾನು ಬಸ್ಸಿನಲ್ಲೂ, ಬಸ್ಸಿಲ್ಲದ ಕಡೆ ನಡೆದೂ ಊರೂರಿಗೆ ಹೋಗಿ ಕಣ್ಣು ಪರೀಕ್ಷಿಸಿ, ಒಬ್ಬೊಬ್ಬರ ಅಳತೆಗೂ ಗಾಜು ಉಜ್ಜಿಸಿ, ಹೆಸರು ಬರೆದು ಕಟ್ಟಿಟ್ಟವು ಅವು.

ಕೆ.ಆರ್. ನಗರದಲ್ಲಿ ಇಡ್ಲಿ ತಿಂದು, ಅಲ್ಲಿಯ ಆರು ಜೋಡಿ ಕೊಟ್ಟು ಮುಂದೆ ಹೊರಟೆವು. ಚುಂಚನಕಟ್ಟೆಗೆ ನಾಲೆಯ ಏರಿಯ ಮೇಲಿನ ದಾರಿ. ಹಿಂದಿನ ದಿನದ ಮಳೆಗೆ ಎತ್ತಿನ ಗಾಡಿಯ ಜಾಡು ಮೊಣಕಾಲುದ್ದ ಇಳಿದಿತ್ತು. ಒಂದು ಏರು ಹತ್ತುವಾಗ ಹಿಂದೆ ಗಳಗಳ ಸದ್ದಾಯಿತು. ತಿರುಗಿ ನೋಡಿದರೆ ಮಧ್ಯದ ಡ್ರಾಯರು ಬೀಗ ಕಿತ್ತುಕೊಂಡು ಬಾಯಿ ತೆರೆದಿತ್ತು. ಚುಂಚನಕಟ್ಟೆಯವರ ಏಳು ಜೋಡಿಯಲ್ಲಿ ಐದು ಒಡೆದಿದ್ದವು.

ಶಾಲೆಯ ಜಗಲಿಯ ಮೇಲೆ ಜನ ಕಾಯುತ್ತಿದ್ದರು. ನಡೆದದ್ದನ್ನು ಹೇಳಿದೆ. ನಿಂಗೇಗೌಡರೆಂಬ ವಯಸ್ಸಾದ ರೈತರು ತಮ್ಮ ಹೆಸರಿನ ಪೊಟ್ಟಣವನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡಿದರು.

"ಎಲ್ಡ್ ವರ್ಸ ಇಂಗೇ ಕಳ್ದೀನಿ. ಇನ್ನೊಂದಷ್ಟ್ ದಿನ ಕಾಯೋದೇನ್ ದೊಡ್ಡದು ಬುಡಿ, ತಾಯಿ. ನೀವ್ ಅಳ್ಬ್ಯಾಡಿ" ಅಂದರು.

ನಾನು ಅಳುತ್ತಿರುವುದು ನನಗೆ ಗೊತ್ತಾದದ್ದು ಆಗಲೇ. ಆ ಐದೂ ಜೋಡಿಯನ್ನು ಮತ್ತೆ ಮಾಡಿಸಿ ಹದಿನೈದು ದಿನದೊಳಗೆ ಕೊಟ್ಟುಬಂದೆವು. ಆದರೂ ಅವರ ಆ ಮಾತಿನ ಋಣ ಉಳಿದೇ ಇದೆ.

ಸಂಜೆ ಹುಣಸೂರಿನ ಪ್ರವಾಸಿ ಬಂಗಲೆಗೆ ಬಂದರೂ ಊಟ ಸೇರಲಿಲ್ಲ. ಪಿರಿಯಾಪಟ್ಟಣಕ್ಕೆ ಹತ್ತು ಜೋಡಿ ಉಳಿದಿದ್ದವು. ಎಚ್.ಡಿ. ಕೋಟೆಯಾಚೆ ಕಾಡಂಚಿನ ಗಿರಿಜನರ ಹಾಡಿಯೊಂದಕ್ಕೆ ಹದಿನೇಳು. ಆ ಹಾಡಿಗೆ ಏಳು ಮೈಲಿ ಕಲ್ಲುಬಂಡೆಯ ದಾರಿ. ಮುಂಗಾರು ಹಿಡಿದರೆ ಹಳ್ಳಗಳು ತುಂಬಿ ನಾಲ್ಕು ತಿಂಗಳು ಯಾವ ಗಾಡಿಯೂ ಹೋಗದು. ಬಂಗಲೆಯ ಕಾವಲುಗಾರನೇ ಪುಟ್ಟಾಚಾರಿಯ ಹೆಸರು ಹೇಳಿದ. ಮರದ ಡಿಪೋ ಪಕ್ಕದಲ್ಲಿ ಎತ್ತಿನ ಗಾಡಿ ಮಾಡುವವರು.

ಪುಟ್ಟಾಚಾರಿಗೆ ಅರವತ್ತರ ಆಸುಪಾಸು. ಉಕ್ಕಿನ ಪೆಟ್ಟಿಗೆಯನ್ನು ಒಮ್ಮೆ ಅಲ್ಲಾಡಿಸಿದರು.

"ಇದು ಮನೇಲಿ ಮಡಿಕೊಳ್ಳೋಕೆ ಮಾಡಿರೋದು ಕಣ್ರವ್ವ, ಓಡೋ ಗಾಡಿಗಲ್ಲ."

"ಹಾಗಾದರೆ ಅಳತೆ ತೆಗೆದುಕೊಳ್ಳಿ" ಅಂದೆ.

"ಅಳ್ತೆ ಆಮ್ಯಾಕೆ. ಮೊದ್ಲು ನಿಮ್ ಗಾಡಿ ಎಂಗ್ ಕುಣೀತದೆ ಅಂತ ನೋಡ್ಬೇಕು."

ಮರುದಿನ ಪಿರಿಯಾಪಟ್ಟಣಕ್ಕೆ ಅವರೂ ಬಂದರು. ಕನ್ನಡಕಗಳನ್ನೆಲ್ಲ ದುಪ್ಪಟಿಯಲ್ಲಿ ಸುತ್ತಿ ನಾನು ತೊಡೆಯ ಮೇಲಿಟ್ಟುಕೊಂಡಿದ್ದೆ. ಅಲ್ಲಿ ಹತ್ತು ಜೋಡಿ ಹಂಚಿದ ಮೇಲೆ ಪುಟ್ಟಾಚಾರಿ ಜೀಪನ್ನು ಹಾರನಹಳ್ಳಿ ಕಡೆಯ ಗಾಡಿಜಾಡಿಗೆ ಇಳಿಸಲು ಹೇಳಿದರು. ಹಿಂದೆ ಕೂತು ಖಾಲಿ ಡ್ರಾಯರುಗಳ ಮೇಲೆ ಎರಡೂ ಅಂಗೈ ಇಟ್ಟು ಕಣ್ಣು ಮುಚ್ಚಿದರು. ತಲೆ ಎರಡು ಸಲ ಮೇಲಿನ ಕಂಬಿಗೆ ಬಡಿಯಿತು. ಬಷೀರ್ ಹೆದರಿ ವೇಗ ತಗ್ಗಿಸಿದ.

"ಲೇ ಬಷೀರಾ, ನಿಧಾನ ಮಾಡ್ಬ್ಯಾಡ ಕಣೋ! ಕಾಡ್ ರಸ್ತೆ ನಿನ್ ಮುಖ ನೋಡ್ಕಂಡು ಸುಮ್ಕಿರ್ತದಾ?"

ಆ ಮಧ್ಯಾಹ್ನ ಮತ್ತು ಮಾರನೆಯ ದಿನ ಪೂರ್ತಿ ಕೆಲಸ ನಡೆಯಿತು. ನಾನು ಹಲಗೆಗಳ ರಾಶಿಯ ಮೇಲೆ ಕೂತು ನೋಡಿದೆ. ತೇಗದ ತುಂಡುಗಳಲ್ಲಿ ನಾಲ್ಕು ಡ್ರಾಯರು. ಒಳಮುಖವಾಗಿ ಒಂದು ಬೆರಳಿನಷ್ಟು ಇಳಿಜಾರು, ಏರು ಹತ್ತುವಾಗ ತಾವಾಗಿ ಹೊರಕ್ಕೆ ಜಾರದ ಹಾಗೆ. ಬಾಯಲ್ಲೊಂದು ಕಚ್ಚು. ಪೆಟ್ಟಿಗೆಯಡಿ ಹಳೆಯ ಸೈಕಲ್ ಟ್ಯೂಬಿನ ಪಟ್ಟಿ. ಒಂದೊಂದು ಕನ್ನಡಕಕ್ಕೂ ಕಂಬಳಿ ಹೊದಿಸಿದ ಬೇರೆ ಬೇರೆ ಗೂಡು. ಜಾರುವ ಕಡೆ ಬಟ್ಟೆ ಸೋಪು ತಿಕ್ಕಿ, "ತೆಗೀರಿ ನೋಡಣ" ಅಂದರು. ಎಳೆದೆ. ಬರಲಿಲ್ಲ.

"ಎತ್ತಿ ಎಳೀರವ್ವ."

ಎತ್ತಿ ಎಳೆದೆ. ಸದ್ದಿಲ್ಲದೆ ಬಂತು.

ನಾಲ್ಕನೆಯ ದಿನ ಬೆಳಿಗ್ಗೆ ಬಂಗಲೆಯ ಮುಂದೆ ಪುಟ್ಟಾಚಾರಿ ಟವೆಲು ಹೆಗಲಿಗೆ ಹಾಕಿಕೊಂಡು ನಿಂತಿದ್ದರು. "ನಾನೂ ಬತ್ತೀನಿ. ಅಲ್ಲಾಡಿದ್ರೆ ನನ್ ಕಣ್ ಮುಂದೆ ಅಲ್ಲಾಡ್ಲಿ." ಎಚ್.ಡಿ. ಕೋಟೆಯಲ್ಲಿ ಕಾಫಿ ಕುಡಿದು ಕಾಡಿನ ದಾರಿ ಹಿಡಿದೆವು. ಎರಡು ಹಳ್ಳ ದಾಟಿದೆವು. ಆನೆ ಮುರಿದು ಹಾಕಿದ್ದ ಬಿದಿರನ್ನು ಬಷೀರ್ ಇಳಿದು ಸರಿಸಿದ. ಮೋಡ ಕಪ್ಪಗಾಗುತ್ತಿತ್ತು. ಪ್ರತಿ ಕುಲುಕಾಟಕ್ಕೂ ಹಿಂದಿನಿಂದ ಒಂದೇ ಮಾತು: "ಅಲ್ಲಾಡ್ನಿಲ್ಲ."

ಹಾಡಿಯಲ್ಲಿ ಡ್ರಾಯರುಗಳನ್ನು ಒಂದೊಂದಾಗಿ ತೆರೆದೆ. ಹದಿನೇಳೂ ಇಟ್ಟ ಹಾಗೇ ಇದ್ದವು. ಪುಟ್ಟಾಚಾರಿಗೆ ಕೈ ಮುಗಿದೆ. ಅವರು ಮುಜುಗರಪಟ್ಟು ಬೇರೆ ಕಡೆ ತಿರುಗಿದರು. "ಮರ ಚೆಂದಾಗಿತ್ತು ಬುಡಿ."

ಕೊನೆಯ ಜೋಡಿ ಚಿಕ್ಕಿಯದು. ಬಿದಿರಿನ ಬುಟ್ಟಿ ಹೆಣೆಯುವ, ಐವತ್ತು ದಾಟಿದ ಹೆಂಗಸು. ಕಣ್ಣು ಮಂಜಾಗಿ ಎರಡು ವರ್ಷದಿಂದ ಬುಟ್ಟಿಯ ಅಂಚು ಕಟ್ಟಲು ನೆರೆಯವರ ಕೈ ಕಾಯುತ್ತಿದ್ದಳು. ಕನ್ನಡಕ ಹಾಕಿಕೊಂಡವಳು ನಮ್ಮ ಯಾರ ಮುಖವನ್ನೂ ನೋಡಲಿಲ್ಲ. ಗುಡಿಸಲಿನ ಸೂರಿನಿಂದ ಕತ್ತಿ ಎಳೆದುಕೊಂಡು ಒಂದು ಬಿದಿರು ಸೀಳಿದಳು. ಸೀಳನ್ನು ಮತ್ತೆ ಸೀಳಿದಳು. ಅದನ್ನೂ ಸೀಳಿ, ಬೆಳಕು ಆಚೆಗೆ ಕಾಣುವಷ್ಟು ತೆಳುವಾದ ಎಳೆಯೊಂದನ್ನು ಎತ್ತಿ ಹಿಡಿದಳು.

"ಇದು ನಾನ್ ಸೀಳಿದ್ದಾ, ಡಾಕ್ಟ್ರವ್ವ?"

"ನೀನೇ ಸೀಳಿದ್ದು ಕಣಮ್ಮ" ಅಂದೆ.

ಅವಳು ನಮಗೆ ಬೇಯಿಸಿದ ಕಾಡುಗೆಣಸು ಕೊಟ್ಟಳು. ತಿಂದು ಮುಗಿಸುವಷ್ಟರಲ್ಲಿ ದಪ್ಪ ಹನಿ ಶುರುವಾಯಿತು. ಹಳ್ಳ ಏರುವ ಮೊದಲೇ ದಾಟಬೇಕೆಂದು ಹೊರಟೆವು. ಚಿಕ್ಕಿ ಸೂರಿನಡಿ ಸರಿದು ಕೂತು ಬುಟ್ಟಿಯ ಅಂಚು ಕಟ್ಟುತ್ತಿದ್ದಳು, ತಲೆ ಎತ್ತಲಿಲ್ಲ. ಪುಟ್ಟಾಚಾರಿ ಕ್ಯಾನ್ವಾಸ್ ಪರದೆ ಸರಿಸಿ, ಮಳೆಗೆ ಮುಖವೊಡ್ಡಿ ಅವಳ ಕೈಗಳನ್ನೇ ನೋಡುತ್ತಿದ್ದರು. ಜೀಪು ಬಂಡೆಯೊಂದನ್ನು ಹತ್ತಿ ಧೊಪ್ಪನೆ ಇಳಿಯಿತು.

ಬಷೀರ್ ಕೂಗಿದ: "ಆಚಾರ್ರೇ, ಅಲ್ಲಾಡ್ತಾ?"

ಪುಟ್ಟಾಚಾರಿ ಮುಖದ ಮೇಲಿನ ಮಳೆನೀರನ್ನು ಟವೆಲಿನಿಂದ ಒರೆಸಿಕೊಂಡರು.

"ನೋಡ್ನಿಲ್ಲ ಕಣಪ್ಪಾ" ಅಂದರು.