ಅಜ್ಜಿ ಕೊಟ್ಟ ಐದು ಎಲೆ

ಮೊನ್ನೆ ಭಾನುವಾರ ನಾನು ಒಂದು ಕಳೆಗಿಡಕ್ಕೆ ಕೈಮುಗಿದೆ. ಬಗ್ಗಿ, ಭಕ್ತಿಯಿಂದ.

ನಮ್ಮ ಬನಶಂಕರಿ ಕಡೆಯ ವಿಶ್ವವಿದ್ಯಾಲಯವೊಂದರ ಸಸ್ಯೋದ್ಯಾನದಲ್ಲಿ ಈಗ ಗಿಡದ ಶಾಸ್ತ್ರೀಯ ಹೆಸರಿನ ಕೆಳಗೆ, ಆ ಗಿಡದ ಜೊತೆ ಬದುಕಿದವರ ನೆನಪನ್ನೂ ಬರೆದು ಫಲಕ ನಿಲ್ಲಿಸುತ್ತಿದ್ದಾರೆ. ಒಂದೆಲಗದ ಫಲಕಕ್ಕೆ ನನ್ನನ್ನು ಕೇಳಿದರು. (ಅಂಕಣ ಬರೆಯುವವರಿಗೆ ಎಲ್ಲವೂ ನೆನಪಿರುತ್ತದೆ ಎಂಬ ತಪ್ಪು ಕಲ್ಪನೆ ಜನರಲ್ಲಿದೆ. ಹಬ್ಬಿಸಿದವರು ನಾವೇ.)

ಬರೆದುಕೊಟ್ಟೆ. ‘ಜಯನಗರದ ಮನೆಯ ಹಿತ್ತಲಲ್ಲಿ ನಮ್ಮಜ್ಜಿ ಒಂದೆಲಗ ಬೆಳೆಸಿದ್ದರು. ಪರೀಕ್ಷೆ ಬಂತೆಂದರೆ ದಿನಾ ಖಾಲಿ ಹೊಟ್ಟೆಗೆ ಐದು ಎಲೆ. ಒಗರೆನ್ನದೆ ಅಗಿದು ನುಂಗುತ್ತಿದ್ದೆ. ನನ್ನ ನೆನಪಿನ ಶಕ್ತಿ ಅಜ್ಜಿಯ ಆಸ್ತಿ.’ ಕೊನೆಯ ಸಾಲಿಗೆ ನನಗೇ ಕಣ್ಣು ತುಂಬಿತು.

ಫಲಕ ನೆಡುವ ಮುಂಚೆ ಒಮ್ಮೆ ನೋಡಿಹೋಗಿ ಎಂದರು. ತಿಲಕ್ ನಗರದ ಚಿಕ್ಕಮ್ಮನನ್ನೂ ಕರೆದೊಯ್ದೆ. ಅಜ್ಜಿಯ ಕಿರಿಮಗಳು. ತಾಯಿಯ ನೆನಪನ್ನು ಅಲ್ಲಿ ನೋಡಿ ಖುಷಿಪಡಲಿ ಎಂದು.

ಪಾತಿಯ ಅಂಚಿನಲ್ಲಿ ಪುಟ್ಟ ದುಂಡನೆಯ ಎಲೆಗಳು ಕಂಡವು. ‘ಇದೇ!’ ಎಂದು ಕೈಮುಗಿದೆ. ಫೋಟೊ ಕೂಡ ತೆಗೆಸಿಕೊಂಡೆ.

ಗಿಡಗಳಿಗೆ ನೀರು ಬಿಡುತ್ತಿದ್ದ ತೋಟದ ಕೆಲಸದ ಶಾಂತವ್ವ ಪೈಪ್ ಕೆಳಗಿಟ್ಟರು. ಬಾಗಲಕೋಟೆ ಕಡೆಯವರು, ಸುದ್ದಗುಂಟೆಪಾಳ್ಯದಲ್ಲಿ ಬಾಡಿಗೆಗಿದ್ದಾರೆ.

‘ಮೇಡಮ್ರೀ, ಅದು ಬರೀ ಕಸರೀ. ಇವತ್ತ ಕಿತ್ತು ಒಗಿಯಾಕಿ ಇದ್ದೆ. ಒಂದೆಲಗ ಆ ಕಡಿ ಐತಿ. ಫಲಕದಾಗ ದಿನಾ ತಿಂದಾಕಿ ಅಂತ ಬರದೀರಿ, ಗುರ್ತ ಹತ್ತಲಿಲ್ಲೇನ್ರೀ?’

‘ಎಲ್ಲಿ ತಿಂದ್ಳು!’ ಎಂದರು ಚಿಕ್ಕಮ್ಮ. ‘ಅಮ್ಮ ಆ ಕಡೆ ತಿರುಗಿದ್ರೆ ಸಾಕು, ಐದನ್ನೂ ನನ್ನ ಕೈಗೆ ತುರುಕ್ತಿದ್ಲು. ಅಮ್ಮಂಗೆ ಗೊತ್ತಾದ್ರೆ ಮಗೂನ ಬೈತಾಳೆ ಅಂತ ನನ್ನ ಐದರ ಜೊತೆ ಅದನ್ನೂ ನಾನೇ ತಿಂತಿದ್ದೆ.’

‘ಹಂಗಾರ ನಿಮಗ ದಿನಾ ಹತ್ತು!’ ಶಾಂತವ್ವ ಬಿದ್ದೂ ಬಿದ್ದೂ ನಕ್ಕರು.

ನಾನು ಸುಲಭಕ್ಕೆ ಸೋಲಲಿಲ್ಲ. ಆ ಒಗರು ಈಗಲೂ ನನ್ನ ನಾಲಿಗೆಯ ಮೇಲಿದೆಯಲ್ಲ?

‘ಅದು ಮೊದಲ್ನೇ ದಿನದ್ದು ಕಣೇ. ಉಗಿದ್ಯಲ್ಲ, ನನ್ನ ಲಂಗದ ಮೇಲೆ.’

ಉಗಿದ ಒಂದು ಎಲೆಯಿಂದ ಇಡೀ ಬಾಲ್ಯ ಕಟ್ಟಿಕೊಂಡಿದ್ದೆನೇ? ಹಾಗಾದರೆ ಇಷ್ಟು ವರ್ಷ ಈ ಅಂಕಣದಲ್ಲಿ ನಿಮಗೆ ಪರಿಚಯಿಸಿದ ಅಜ್ಜಿ ಯಾರು? ಹಿತ್ತಲಾದರೂ ಇತ್ತೇ? (ಇತ್ತಂತೆ. ಚಿಕ್ಕಮ್ಮನನ್ನು ಕೇಳಿ ಖಚಿತಪಡಿಸಿಕೊಂಡೆ.)

ಈಗ ಫಲಕದ ಗತಿ? ಬೇಡವೆಂದರೆ ಅಜ್ಜಿಯ ನೆನಪೇ ಹೋಗುತ್ತದೆ. ಹಾಗೇ ಬಿಟ್ಟರೆ ಅಜ್ಜಿಯ ಹೆಸರಿನಲ್ಲಿ ನನ್ನ ಸುಳ್ಳು ನಿಲ್ಲುತ್ತದೆ, ಮಳೆ ಬಿಸಿಲಿಗೆ ಜಗ್ಗದ ಅಕ್ಷರಗಳಲ್ಲಿ. ಕೊನೆಗೆ ಪೆನ್ನು, ಹಾಳೆ ಚಿಕ್ಕಮ್ಮನಿಗೆ ಕೊಟ್ಟೆ. ನಡೆದದ್ದನ್ನು ನಡೆದಂತೆ ನೀನೇ ಬರಿ ಎಂದೆ.

ಚಿಕ್ಕಮ್ಮ ಕನ್ನಡಕ ಸರಿಮಾಡಿಕೊಂಡು ಎರಡೇ ಸಾಲು ಬರೆದರು. ‘ನಮ್ಮಮ್ಮ ಕೊಡುತ್ತಿದ್ದ ಎಲೆ. ನಾನೂ ಅಕ್ಕನ ಮಗಳೂ ದಿನಾ ತಿನ್ನುತ್ತಿದ್ದೆವು.’

‘ಚಿಕ್ಕಮ್ಮಾ, ನಾನು ತಿಂದೇ ಇಲ್ವಲ್ಲ?’

‘ಇರ್ಲಿ ಬಿಡೇ. ಅಮ್ಮಂಗೆ ಗೊತ್ತಾದ್ರೆ ಬೈತಾಳೆ.’